ಶೆಡ್ಡಿನ ಲೇತಿಗೆ ಸುಟ್ಟ ಆಯಿಲ್ ಬೇಡ

ಮೃಗಶಿರಾ ಮಳೆ ಬಿದ್ದು ಹೆಸರು ಬಿತ್ತುವ ಹದ ಬಂದಾಗಲೇ ಕೂರಿಗೆಯ ಬೋಲ್ಟು ತುಂಡಾಗುತ್ತದೆ. ಇದು ರೈತರಿಗೆಲ್ಲ ಗೊತ್ತಿದ್ದದ್ದೇ. ಆ ಒಂದು ಬೋಲ್ಟು, ಒಂದು ಬುಶ್ಶಿಗೆ ಹುಬ್ಬಳ್ಳಿಯ ಗೋಕುಲ ರೋಡಿಗೆ ಹೋದರೆ ಅಲ್ಲಿ ಪಾಳಿ ಹಚ್ಚಬೇಕು. ಹೋಗಿ ಬರೋದಕ್ಕೆ ಒಂದು ದಿವಸ, ಕೆಲಸ ಆಗದಿದ್ದರೆ ಎರಡು ದಿವಸ. ಎರೆ ಹೊಲದ ಹದ ಅಷ್ಟು ಕಾಯೋದಿಲ್ಲ. ಹೀಗಾಗಿ ನಮ್ಮ ಒಣಬೇಸಾಯದ ಊರುಗಳಲ್ಲಿ ಕೈಕೆಲಸ ಬಲ್ಲ ರೈತರು ಮನೆ ಹಿಂದೆ ಒಂದು ತಗಡಿನ ಶೆಡ್ಡು ಹಾಕಿ, ವೆಲ್ಡಿಂಗ್ ಸೆಟ್ಟು, ಡ್ರಿಲ್ಲಿಂಗ್ ಮಶೀನು, ಟ್ಯಾಪು-ಡೈ ಇಟ್ಟುಕೊಂಡಿದ್ದಾರೆ. ಕೆಲವರು ಬಾಗಿಲು ಹಾಕಿದ ವರ್ಕ್‌ಶಾಪುಗಳಿಂದ ಹಳೇ ಲೇತ್ ಕೂಡ ತಂದು ಕೂಡಿಸಿದ್ದಾರೆ. ನನ್ನ ಶೆಡ್ಡಿನಲ್ಲೂ ಅಂಥದೊಂದು ನಾಲ್ಕೂವರೆ ಅಡಿಯ ಲೇತ್ ಇದೆ.

ಇದು ಒಳ್ಳೇದೇ. ನಮ್ಮದೇ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಇಂಥ ಕೆಲಸಕ್ಕೇ. ಕೂರಿಗೆ, ಹುಣಸೆ ಬೀಜ ಬಿಡಿಸುವ ಯಂತ್ರ ಅಂತ ರೈತನ ಗರಜು ನೋಡಿ ಅವರು ಸಾಧನ ಮಾಡಿದರು. ಅವರಿಗೆ ಪ್ರಶಸ್ತಿ ಬಂದ ಮೇಲೆ ನಮ್ಮ ಹುಡುಗರಿಗೂ ಹುಮ್ಮಸ್ಸು ಬಂದಿದೆ. ಆದರೆ ನಾವು ಮಾತಾಡೋದೆಲ್ಲ ಮಶೀನಿನ ಬಗ್ಗೆ. ಮಶೀನು ಕಬ್ಬಿಣ ಕೊಯ್ಯುವಾಗ ಅದರ ಮೇಲೆ ಏನು ಹನಿಸುತ್ತೇವೆ ಅನ್ನೋದರ ಬಗ್ಗೆ ಯಾರೂ ಬಾಯಿ ಬಿಡೋದಿಲ್ಲ. ಧಾರವಾಡದ ಕೃಷಿ ಮೇಳದಲ್ಲಿ ಯಂತ್ರಗಳ ಮಳಿಗೆ ಸಾಲುಗಟ್ಟಿ ನಿಂತಿರುತ್ತವೆ. ಅಲ್ಲೂ ಈ ಮಾತು ನನ್ನ ಕಿವಿಗೆ ಬಿದ್ದಿಲ್ಲ.

ಯಾವ ಶೆಡ್ಡಿಗೆ ಹೋದರೂ ಮೂಲೆಯಲ್ಲಿ ಒಂದು ಡಬ್ಬಿ ಇರುತ್ತದೆ. ಅದರಲ್ಲಿ ಟ್ರ್ಯಾಕ್ಟರಿನಿಂದ ಇಳಿಸಿದ ಕರೀ ಆಯಿಲ್. ಡ್ರಿಲ್ ಹಾಕುವಾಗ ಅದೇ, ಟ್ಯಾಪ್ ಹೊಡೆಯುವಾಗ ಅದೇ, ಲೇತಿಗೂ ಅದೇ. ಕೇಳಿದರೆ, "ಪುಕ್ಕಟೆ ಸಿಗ್ತದ, ಯಾಕ ಚೆಲ್ಲಬೇಕ್ರಿ?" ಅಂತಾರೆ. ಇನ್ನು ಸ್ವಲ್ಪ ಮುಂದುವರಿದವರು ಕಾರ್ಖಾನೆಯವರನ್ನು ನೋಡಿ ಲೇತಿನ ತೊಟ್ಟಿ ತುಂಬ ಬಿಳೀ ಕೂಲಂಟ್ ಕಲಸಿ ಇಟ್ಟಿರುತ್ತಾರೆ. ಈ ಎರಡೂ ನಮ್ಮಂಥ ಮನೆ ಶೆಡ್ಡಿಗೆ ಸರಿಯಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ನಮಗೆ ಬೇಕಾದದ್ದು ಒಂದು ಸಣ್ಣ ಬಾಟಲಿ, ಒಂದು ಬ್ರಶ್ಶು, ಮತ್ತು ಯಾವ ಲೋಹಕ್ಕೆ ಯಾವ ಎಣ್ಣೆ ಅನ್ನೋ ತಿಳುವಳಿಕೆ.

ಮೊದಲು ಎಣ್ಣೆ ಯಾಕೆ ಅನ್ನೋದು ನೋಡೋಣ. ಟೂಲು ಕಬ್ಬಿಣ ಕೊಯ್ಯುವಾಗ ಎರಡು ಕಡೆಯಿಂದ ಕಾವು ಹುಟ್ಟುತ್ತದೆ. ಲೋಹ ಹರಿದು ಸುರುಳಿಯಾಗುವಾಗ ಒಂದು, ಆ ಸುರುಳಿ ಟೂಲಿನ ಮುಖಕ್ಕೆ ತಿಕ್ಕುತ್ತ ಹೋಗುವಾಗ ಇನ್ನೊಂದು. ಸುರುಳಿ ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಅದು ಸುಮಾರು 300 ಡಿಗ್ರಿ ಕಾದಿದೆ ಅಂತ ತಿಳೀರಿ. ಹೈಸ್ಪೀಡ್ ಸ್ಟೀಲಿನ ಟೂಲು ಸುಮಾರು 600 ಡಿಗ್ರಿವರೆಗೆ ತಾಳುತ್ತದೆ. ಆದರೆ ಸಂತೆಯಲ್ಲಿ ಸಿಗುವ ಅಗ್ಗದ ಟ್ಯಾಪು, ಡೈ ಬಹಳಷ್ಟು ಕಾರ್ಬನ್ ಸ್ಟೀಲಿನವು. ಅವು 200 ಡಿಗ್ರಿ ದಾಟಿದರೆ ಮೆತ್ತಗಾಗಲು ಶುರು. ಒಮ್ಮೆ ಮೆತ್ತಗಾದ ಟೂಲನ್ನು ಎಷ್ಟು ಸಾಣೆ ಹಿಡಿದರೂ ಅಷ್ಟೇ.

1883ರಲ್ಲಿ ಅಮೆರಿಕದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಎಫ್. ಡಬ್ಲ್ಯು. ಟೇಲರ್ ಎಂಬವರು ಟೂಲಿನ ತುದಿಯ ಮೇಲೆ ಧಾರಾಳವಾಗಿ ನೀರು ಬಿಟ್ಟು ನೋಡಿದರು. ಕೊಯ್ಯುವ ವೇಗವನ್ನು ಶೇಕಡಾ 30ರಿಂದ 40ರಷ್ಟು ಹೆಚ್ಚಿಸಲು ಆಯಿತು. ಜಂಗು ಹಿಡಿಯಬಾರದು ಅಂತ ಆ ನೀರಿಗೆ ಸೋಡಾ ಕಲಸುತ್ತಿದ್ದರು. ಅಲ್ಲಿಂದ ಮುಂದೆ ನೀರಿನ ತಂಪು ಮತ್ತು ಎಣ್ಣೆಯ ಜಿಡ್ಡು ಎರಡೂ ಒಂದರಲ್ಲೇ ಸಿಗಲಿ ಅಂತ ನೀರಿನಲ್ಲಿ ಬೆರೆಯುವ ಎಣ್ಣೆ ಬಂತು. ನಮ್ಮ ಕಡೆ ಅದಕ್ಕೆ ಸಾಲ್ಯುಬಲ್ ಆಯಿಲ್ ಅಂತಾರೆ. ಔಷಧ ಹೊಡೆಯುವವರಿಗೆ ಇದು ಹೊಸದಲ್ಲ. ಇ.ಸಿ. ಔಷಧ ನೀರಿಗೆ ಹಾಕಿದ ಕೂಡಲೇ ಹೇಗೆ ಹಾಲಿನಂತೆ ಬೆಳ್ಳಗಾಗುತ್ತದೋ ಇದೂ ಹಾಗೆಯೇ. ಎಣ್ಣೆಯ ಸಣ್ಣ ಸಣ್ಣ ಹನಿಗಳನ್ನು ಸಾಬೂನಿನಂಥ ಒಂದು ಪದಾರ್ಥ ನೀರಿನಲ್ಲಿ ಹಿಡಿದು ನಿಲ್ಲಿಸಿರುತ್ತದೆ.

ಈಗ ಸುಟ್ಟ ಆಯಿಲ್ಲಿನ ಮಾತಿಗೆ ಬರುತ್ತೇನೆ.

ಎಂಜಿನ್ ಆಯಿಲ್ ಮಾಡಿದ್ದೇ ಬೇರೆ ಕೆಲಸಕ್ಕೆ. ಬೇರಿಂಗು, ಪಿಸ್ಟನ್ ನುಣುಪಾಗಿ ಜಾರಲಿ, ಹೊಲಸು ತಳಕ್ಕೆ ಕೂಡದೆ ಎಣ್ಣೆಯಲ್ಲೇ ತೇಲಲಿ ಅಂತ ಅದಕ್ಕೆ ಪದಾರ್ಥ ಸೇರಿಸಿರುತ್ತಾರೆ. ಅದರಿಂದಲೇ ಇಳಿಸಿದ ಆಯಿಲ್ ಕರ್ರಗಿರೋದು. ಅದರಲ್ಲಿ ಮಸಿ ಇದೆ, ಡೀಸೆಲ್ ಸುಟ್ಟ ಆಮ್ಲ ಇದೆ, ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಪುಡಿ ಇದೆ. ಟೂಲಿಗೂ ಕಬ್ಬಿಣಕ್ಕೂ ನಡುವೆ ನಿಂತು, ಸುರುಳಿ ಟೂಲಿಗೆ ಬೆಸೆದುಕೊಳ್ಳದಂತೆ ತಡೆಯುವ ಗುಣ ಮಾತ್ರ ಅದರಲ್ಲಿ ಬೇಕಾದಷ್ಟಿಲ್ಲ. ಡ್ರಿಲ್ಲಿಗೆ ಹಾಕಿದರೆ ಒಂದು ಹೊಗೆ ಏಳುತ್ತದೆ, ಅಷ್ಟೇ. ಹೊಗೆ ಬಂದರೆ ಎಣ್ಣೆ ಕೆಲಸ ಮಾಡ್ತಾ ಇದೆ ಅಂತ ನಮ್ಮವರು ತಿಳಿಯುತ್ತಾರೆ. ಸುಡುವ ವಾಸನೆ ಅದು, ಕೊಯ್ಯುವ ಲಕ್ಷಣ ಅಲ್ಲ. ಆ ಹೊಗೆ ನಾಲ್ಕು ಗ್ವಾಡಿ ನಡುವೆ ನಿಮ್ಮ ಎದೆಗೇ ಹೋಗುತ್ತದೆ.

ಅದಕ್ಕಿಂತ ದೊಡ್ಡ ಮಾತು ಚರ್ಮದ್ದು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆ ಹತ್ತಿ ನೂಲುವ ಗಿರಣಿಗಳಲ್ಲಿ ಕದಿರಿಗೆ ಹಾಕುವ ಖನಿಜ ಎಣ್ಣೆ ಸಿಡಿದು ಕೆಲಸಗಾರರ ಚೊಣ್ಣದ ಮುಂಭಾಗ ವರ್ಷಾನುಗಟ್ಟಲೆ ತೊಯ್ದಿರುತ್ತಿತ್ತು. ಅವರಲ್ಲಿ ವೃಷಣದ ಚೀಲದ ಚರ್ಮಕ್ಕೆ ಕ್ಯಾನ್ಸರ್ ಬರುತ್ತಿರುವುದನ್ನು ಅಲ್ಲಿಯ ವೈದ್ಯರು 1922ರಲ್ಲಿ ಬರೆದರು. ಹಲವು ವರ್ಷ ಎಣ್ಣೆ ತಗಲಿ ಆಮೇಲೆ ಬಂದ ರೋಗ ಅದು. ಸರಿಯಾಗಿ ಶುದ್ಧ ಮಾಡದ ಖನಿಜ ಎಣ್ಣೆ ಚರ್ಮದ ಕ್ಯಾನ್ಸರ್ ತರುತ್ತದೆ ಅನ್ನೋದು ಇವತ್ತು ಜಗತ್ತೇ ಒಪ್ಪಿದ ಮಾತು. ಎಂಜಿನ್ನಿನಲ್ಲಿ ಸುಟ್ಟು ಬಂದ ಆಯಿಲ್ಲಿನಲ್ಲಿ ಅಂಥ ಕೆಟ್ಟ ಪದಾರ್ಥ ಹೊಸ ಆಯಿಲ್ಲಿಗಿಂತ ಬಹಳ ಹೆಚ್ಚು. ಈಗ ನಮ್ಮ ಹುಡುಗರನ್ನು ನೋಡ್ರಿ. ಕೈ ಒರೆಸಿದ ಅರಿವೆಯನ್ನು ಚೊಣ್ಣದ ಕಿಸೆಗೆ ತುರುಕಿಕೊಂಡಿರುತ್ತಾರೆ, ಇಲ್ಲವೇ ಸೊಂಟಕ್ಕೆ ಸಿಗಿಸಿಕೊಂಡಿರುತ್ತಾರೆ. ದಿನವೆಲ್ಲ ಆ ಎಣ್ಣೆ ತೊಡೆಗೆ ಇಳಿಯುತ್ತಿರುತ್ತದೆ. "ಇಷ್ಟು ವರ್ಷ ನನಗೇನೂ ಆಗಿಲ್ಲ" ಅನ್ನುವವರಿಗೆ ನಾನು ಹೇಳೋದು ಇಷ್ಟೇ: ಗಿರಣಿಯವರಿಗೂ ಮೊದಲ ವರ್ಷ ಏನೂ ಆಗಿರಲಿಲ್ಲ.

ಪುಕ್ಕಟೆ ಅನ್ನೋ ಮಾತೂ ಪೂರ್ತಿ ನಿಜ ಅಲ್ಲ. ಒಂದು ಟ್ಯಾಪು ತೂತಿನಲ್ಲಿ ಮುರಿದು ನಿಂತರೆ ಟ್ಯಾಪಿನ ರೊಕ್ಕವೂ ಹೋಯಿತು, ಆ ಭಾಗವೂ ಹೋಯಿತು, ಬಿತ್ತುವ ದಿನವೂ ಹೋಯಿತು. ಅದಕ್ಕೆ ಬೇಕಾಗಿದ್ದದ್ದು ಸರಿಯಾದ ಎಣ್ಣೆಯ ನಾಲ್ಕು ಹನಿ.

ಇನ್ನು ಬಿಳೀ ಕೂಲಂಟ್. ಇದು ಕೆಟ್ಟದ್ದಲ್ಲ, ಒಳ್ಳೇ ಪದಾರ್ಥ. ಆದರೆ ಅದು ಕಾರ್ಖಾನೆಯ ಪದಾರ್ಥ. ತಾರಿಹಾಳದ ಕಡೆ ಕಾರ್ಖಾನೆಗಳಲ್ಲಿ ಮಶೀನು ಪಾಳಿ ಮೇಲೆ ಪಾಳಿ ಓಡುತ್ತವೆ. ಕೂಲಂಟ್ ಹಗಲೂ ರಾತ್ರಿ ಹರಿಯುತ್ತ, ಗಾಳಿ ತಾಗುತ್ತ ಇರುತ್ತದೆ. ಅದರ ಹದ ನೋಡೋದಕ್ಕೆ ಒಬ್ಬ ಮನುಷ್ಯ, ಒಂದು ಉಪಕರಣ ಇರುತ್ತದೆ. ನಮ್ಮ ಶೆಡ್ಡು ಹಾಗಲ್ಲ. ಮುಂಗಾರಿ ಬಿತ್ತುವ ಮುಂದೆ ನಾಲ್ಕು ದಿವಸ ಓಡುತ್ತದೆ. ಆಮೇಲೆ ಎಡೆ ಹೊಡೆಯುವ ಕೆಲಸ, ಕಳೆ ಕೆಲಸ, ಶೆಡ್ಡಿಗೆ ಕೀಲಿ. ಮತ್ತೆ ಬಾಗಿಲು ತೆಗೆಯೋದು ಹಿಂಗಾರಿಗೆ ಕಡಲೆ, ಜೋಳ, ಕುಸುಬಿ ಬಿತ್ತುವಾಗ. ಅಷ್ಟು ದಿವಸ ಆ ಹಾಲಿನಂಥ ನೀರು ತೊಟ್ಟಿಯಲ್ಲಿ ನಿಂತೇ ಇರುತ್ತದೆ.

ನಿಂತ ಕೂಲಂಟಿಗೆ ಏನಾಗುತ್ತದೆ ಅಂದರೆ, ಲೇತಿನ ಬೆಡ್ಡಿಗೆ, ಗೇರಿಗೆ ಹಾಕಿದ ಎಣ್ಣೆ ಸೋರಿ ಬಂದು ಅದರ ಮೇಲೆ ಕೆನೆಗಟ್ಟಿದಂತೆ ತೇಲುತ್ತದೆ. ಕೆಳಗಿನ ನೀರಿಗೆ ಗಾಳಿ ಹೋಗೋದು ನಿಲ್ಲುತ್ತದೆ. ಗಾಳಿ ಇಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾ ಇವೆ. ಅವು ಕೂಲಂಟಿನಲ್ಲಿದ್ದ ಎಣ್ಣೆ, ಸಾಬೂನು ತಿಂದು ಕೊಳೆತ ತತ್ತಿಯ ನಾತ ಬಿಡುತ್ತವೆ. ಶೆಡ್ಡಿನ ಬಾಗಿಲು ತೆಗೆದ ಕೂಡಲೇ ಮೂಗು ಮುಚ್ಚಿಕೊಳ್ಳುವ ಹಾಗಾಗುತ್ತದೆ. ಆ ಹೊತ್ತಿಗೆ ಕೂಲಂಟ್ ಹುಳಿಯ ಕಡೆಗೆ ತಿರುಗಿ, ಜಂಗು ತಡೆಯುವ ಶಕ್ತಿಯನ್ನೂ ಕಳಕೊಂಡಿರುತ್ತದೆ. ಲೇತಿನ ಚಕ್ಕಿನ ಒಳಗೆ, ಸ್ಲೈಡಿನ ಕೆಳಗೆ ನೀರು ಸಿಕ್ಕಿಕೊಂಡು ಕೆಂಪಗೆ ಜಂಗು ಹಿಡಿಯುತ್ತದೆ. ಇಂಥ ನೀರು ಕೈಗೆ ತಗಲಿದರೆ ತುರಿಕೆ, ಬೆರಳ ಸಂದಿಯಲ್ಲಿ ಬಿರುಕು. ಬಿರುಕು ಬಿಟ್ಟ ಕೈಯಲ್ಲೇ ನಾವು ಗೊಬ್ಬರ ಮುಟ್ಟಬೇಕು, ಔಷಧ ಕಲಸಬೇಕು. ನಾತ ಹೋಗಲಿ ಅಂತ ಕೆಲವರು ಫಿನಾಯಿಲ್ ಸುರಿಯುತ್ತಾರೆ, ಬ್ಲೀಚಿಂಗ್ ಪೌಡರ್ ಉದುರಿಸುತ್ತಾರೆ. ಬ್ಲೀಚಿಂಗ್ ಪೌಡರಿಗೆ ಜಂಗು ಇನ್ನೂ ಜೋರಾಗುತ್ತದೆ.

ಇನ್ನೊಂದು ನಮ್ಮ ಸೀಮೆಯದೇ ತೊಂದರೆ ಇದೆ, ನೀರಿನದು. ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಭೂಮಿಯ ಕೆಳಗಿನ ನೀರು ಸವಳು. ಅದಕ್ಕೇ ಆ ಊರುಗಳ ಜನ ಹಿಂದಿನಿಂದಲೂ ಕೆರೆ ನೀರನ್ನು ನೆಚ್ಚಿ ಬದುಕಿದರು. ಬೇರೆ ಕಡೆಯ ಬೋರಿನ ನೀರೂ ಬಹಳಷ್ಟು ಗಡಸು. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಕೂಲಂಟಿನ ಸಾಬೂನಿಗೆ ಅಂಟಿಕೊಂಡು ಮೊಸರಿನ ಹಾಗೆ ಗಂಟು ಕಟ್ಟುತ್ತದೆ. ಎಣ್ಣೆ ಮೇಲೆ, ನೀರು ಕೆಳಗೆ. ಪಂಪು ಬರೀ ನೀರನ್ನು ಎತ್ತಿ ಲೇತಿನ ಮೇಲೆ ಸುರಿಯುತ್ತದೆ. ಬೇವಿನ ಎಣ್ಣೆಗೆ ಸಾಬೂನು ಹಾಕಿ ಸವಳು ನೀರಿನಲ್ಲಿ ಕಲಸಲು ಹೋದವರಿಗೆ ಇದರ ಅನುಭವ ಆಗಿಯೇ ಇರುತ್ತದೆ. ನೀರಿನ ಪರೀಕ್ಷೆಗೆ ಯಾವ ಪ್ರಯೋಗಾಲಯವೂ ಬೇಡ. ಯಾವ ನೀರಿನಲ್ಲಿ ಬೇಳೆ ಬೇಯೋದಿಲ್ಲವೋ, ಸಾಬೂನಿನ ನೊರೆ ಏಳೋದಿಲ್ಲವೋ ಆ ನೀರು ಕೂಲಂಟಿಗೆ ಬೇಡ.

ಹಾಗಾದರೆ ಏನು ಮಾಡಬೇಕು? ಲೋಹ ನೋಡಿ ಎಣ್ಣೆ ಹಾಕಬೇಕು, ಅದೂ ಬ್ರಶ್ಶಿನಿಂದ.

ಎಲ್ಲಕ್ಕಿಂತ ಸುಲಭದ್ದು ಬೀಡು. ಬೀಡಿಗೆ ಏನೂ ಹಾಕೋದು ಬೇಡ. ಅದರ ಒಳಗೇ ಗ್ರಾಫೈಟ್ ಇರುತ್ತದೆ, ಅದೇ ಜಿಡ್ಡು. ಎಣ್ಣೆ ಹಾಕಿದರೆ ಬೀಡಿನ ಪುಡಿ ಸೇರಿ ಅರೆಯುವ ಕೆಸರಾಗುತ್ತದೆ, ಲೇತಿನ ಬೆಡ್ಡನ್ನು ತಿನ್ನುತ್ತದೆ. ಹಿತ್ತಾಳೆ, ಗನ್‌ಮೆಟಲ್ ಬುಶ್ಶು ಕೂಡ ಒಣಗಿದ್ದೇ ಚೆನ್ನಾಗಿ ಕೊಯ್ಯುತ್ತವೆ. ಗಂಧಕ ಸೇರಿಸಿದ ಎಣ್ಣೆಯನ್ನಂತೂ ಇವಕ್ಕೆ ಹಾಕಬಾರದು, ಕಪ್ಪು ಕಲೆ ಬೀಳುತ್ತದೆ. ಅಲ್ಯುಮಿನಿಯಂ ಟೂಲಿಗೆ ಮೆತ್ತಿಕೊಳ್ಳುವ ಜಾತಿ. ಅದಕ್ಕೆ ಚಿಮಣಿ ಎಣ್ಣೆ ಬಹಳ ಒಳ್ಳೇದು. ಈಗ ಚಿಮಣಿ ಎಣ್ಣೆ ಸಿಗೋದೇ ಕಷ್ಟ, ಒಂದೆರಡು ಹನಿ ಡೀಸೆಲ್ಲಿನಿಂದಲೂ ಕೆಲಸ ಆಗುತ್ತದೆ. ಬೆಂಕಿಯ ಹತ್ತಿರ ಮಾತ್ರ ಬೇಡ. ಹ್ಯಾಕ್ಸಾ ಬ್ಲೇಡಿಗೆ ಮೇಣದ ಬತ್ತಿ ತಿಕ್ಕಿದರೂ ಸಾಕು.

ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಎಂ.ಎಸ್. ಅದನ್ನು ಲೇತಿನಲ್ಲಿ ಕೊಯ್ಯಲು, ಡ್ರಿಲ್ ಹಾಕಲು ಒಂದು ಲೀಟರ್ ನೀರಿಗೆ 50 ಎಂ.ಎಲ್. ಸಾಲ್ಯುಬಲ್ ಆಯಿಲ್ ಕಲಸಿ, ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಲ್ಲಿ ಇಟ್ಟುಕೊಳ್ಳಬೇಕು. ಆ ವಾರ ಬೇಕಾದಷ್ಟೇ ಕಲಸಿದರೆ ಕೊಳೆಯುವ ಮಾತೇ ಇಲ್ಲ. ಇಲ್ಲಿ ಒಂದು ಎಚ್ಚರ. ಎಣ್ಣೆ ಹಾಕಿದೆ ಅಂತ ವೇಗ ಏರಿಸಬಾರದು. 12 ಎಂ.ಎಂ. ಡ್ರಿಲ್ ಬಿಟ್ಟಿಗೆ ಎಂ.ಎಸ್. ಮೇಲೆ ನಿಮಿಷಕ್ಕೆ 600-700 ಸುತ್ತು ಸಾಕು. ಬೆಲ್ಟನ್ನು ಸಣ್ಣ ಪುಲ್ಲಿಯಿಂದ ಇಳಿಸದೆ, ಬಿಟ್ಟು ಸುಟ್ಟಿತು ಅಂತ ಎಣ್ಣೆಯನ್ನು ಬೈಯುವವರಿದ್ದಾರೆ. ಕಾರ್ಬೈಡ್ ತುದಿಯ ಟೂಲಾದರೆ ಒಣಗೇ ಓಡಿಸ್ರಿ. ಅದು ಕೆಂಪಗೆ ಕಾದಾಗ ಮೇಲೆ ಹನಿ ಹನಿ ನೀರು ಬಿದ್ದರೆ ಕಾದ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ, ಬಿರುಕು ಬಿಡುತ್ತದೆ. ಅದಕ್ಕೆ ಹಾಕಿದರೆ ಧಾರೆಯಾಗಿ ಬಿಡದಂತೆ ಹಾಕಬೇಕು, ಇಲ್ಲದಿದ್ದರೆ ಹಾಕಲೇಬಾರದು.

ಟ್ಯಾಪಿನ ಕೆಲಸ ಬೇರೆ. ಅಲ್ಲಿ ವೇಗ ಇಲ್ಲ, ಕಾವೂ ಕಡಿಮೆ, ಆದರೆ ಒತ್ತಡ ಬಹಳ. ತಂಪಿಗಿಂತ ಜಿಡ್ಡು ಮುಖ್ಯ. ಅದಕ್ಕೆ ನೀರಿನ ಕೂಲಂಟಿಗಿಂತ ನೀರು ಕಲಸದ ನೀಟ್ ಕಟಿಂಗ್ ಆಯಿಲ್ ಬೇಕು, ಗಂಧಕ ಸೇರಿಸಿದ್ದು ಸಿಕ್ಕರೆ ಇನ್ನೂ ಚಲೋ. ಒತ್ತಡ, ಕಾವು ಬಿದ್ದಲ್ಲಿ ಆ ಗಂಧಕ ಕಬ್ಬಿಣದ ಜೊತೆ ಕೂಡಿ ತೆಳ್ಳನ್ನ ಪದರ ಕಟ್ಟುತ್ತದೆ. ಸುರುಳಿ ಟ್ಯಾಪಿಗೆ ಬೆಸೆಯದಂತೆ ಆ ಪದರ ತಡೆಯುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ನಡುನಡುವೆ ಒಂದೊಂದು ಹನಿ. (12 ಎಂ.ಎಂ. ಟ್ಯಾಪಿಗೆ 10.2 ಎಂ.ಎಂ. ಬಿಟ್ಟು ಹಾಕಬೇಕು. 10 ಹಾಕಿ ಟ್ಯಾಪು ಮುರಿದರೆ ಯಾವ ಎಣ್ಣೆಯೂ ಕಾಯೋದಿಲ್ಲ.) ಸಬ್‌ಮರ್ಸಿಬಲ್ ಪಂಪಿನ ಸ್ಟೇನ್‌ಲೆಸ್ ಶಾಫ್ಟಿಗೂ ಇದೇ ಎಣ್ಣೆ. ವೇಗ ಕಡಿಮೆ, ಒತ್ತು ಬಿಡಬಾರದು. ಬರೀ ತಿಕ್ಕಲು ಬಿಟ್ಟರೆ ಸ್ಟೇನ್‌ಲೆಸ್ ಇನ್ನೂ ಗಟ್ಟಿಯಾಗುತ್ತದೆ.

ನೀಟ್ ಆಯಿಲ್ ಇಲ್ಲದ ದಿನ ನಮ್ಮ ಮನೆಯಲ್ಲೇ ಪದಾರ್ಥ ಇದೆ. ಬಂಡಿಯ ಕೀಲೆಣ್ಣೆಗೆ ನಮ್ಮ ಹಿರಿಯರು ಔಡಲೆಣ್ಣೆ ಹಾಕಿದ್ದು ಸುಮ್ಮನೆ ಅಲ್ಲ. ಅದು ದಪ್ಪ, ಒತ್ತಡಕ್ಕೆ ಜಗ್ಗೋದಿಲ್ಲ. ನಾಲ್ಕು ತೂತಿಗೆ ಟ್ಯಾಪ್ ಹೊಡೆಯಲು ಔಡಲೆಣ್ಣೆ, ಹೊಂಗೆ ಎಣ್ಣೆ, ಶೇಂಗಾ ಎಣ್ಣೆ ಯಾವುದಾದರೂ ನಡೆಯುತ್ತದೆ, ಸುಟ್ಟ ಆಯಿಲ್ಲಿಗಿಂತ ನೂರು ಪಾಲು ವಾಸಿ. ಕೆಲಸ ಆದ ಮೇಲೆ ಒರೆಸಿಬಿಡಬೇಕು. ಆದರೆ ಅಗಸೆ ಎಣ್ಣೆ, ಕುಸುಬಿ ಎಣ್ಣೆ ಮುಟ್ಟಬೇಡಿ. ಅಗಸೆ ಎಣ್ಣೆಯನ್ನು ಕಟ್ಟಿಗೆಗೆ ಬಳಿಯೋದು ಅದು ಒಣಗಿ ಗಟ್ಟಿ ಪೊರೆ ಕಟ್ಟುತ್ತದೆ ಅಂತಲೇ. ಲೇತಿನ ಬೆಡ್ಡಿನ ಮೇಲೆ ಬಿದ್ದರೂ ಅದು ಹಾಗೇ ಮಾಡುತ್ತದೆ, ಅಂಟು ಹಿಡಿದು ಸ್ಲೈಡು ಅಲ್ಲಾಡೋದಿಲ್ಲ. ಕುಸುಬಿ ಎಣ್ಣೆಯೂ ಅದೇ ಬಳಗದ್ದು. ಇನ್ನೂ ಒಂದು ಅಪಾಯ ಇದೆ. ಅಗಸೆ ಎಣ್ಣೆ ಹೀರಿದ ಅರಿವೆಗಳನ್ನು ಗುಡ್ಡೆ ಹಾಕಿದರೆ ಕಡ್ಡಿ ಗೀರದೆಯೂ ತಾನಾಗಿ ಕಾದು ಬೆಂಕಿ ಹತ್ತಬಹುದು. ಶೆಡ್ಡಿನ ಪಕ್ಕದಲ್ಲೇ ಕಣಕಿ ಬಣವಿ ಒಟ್ಟಿದವರು ಇದನ್ನು ನೆನಪಿಡಬೇಕು.

ಇಷ್ಟು ಹೇಳಿದರೂ ತೊಟ್ಟಿ ತುಂಬಿಯೇ ಓಡಿಸುವವರು ಇದ್ದಾರೆ. ಸುತ್ತಲ ಊರಿನ ಕೆಲಸವನ್ನೆಲ್ಲ ಹಿಡಿದು ದಿನಾ ಲೇತ್ ನಡೆಸುವವರಿಗೆ ಅದು ಸರಿಯೇ. ಅವರು ಮಳೆ ನೀರು ಹಿಡಿದಿಡಬೇಕು. ಶೆಡ್ಡಿನ ತಗಡಿನ ಮೇಲಿಂದ ಇಳಿಯುವ ನೀರು ಸಾಕಷ್ಟು, ಮೊದಲ ಮಳೆಯ ಹೊಲಸು ನೀರು ಬಿಟ್ಟು ಆಮೇಲಿನದನ್ನು ಬ್ಯಾರಲ್ಲಿಗೆ ಹಿಡಿಯಿರಿ. ಕಲಸುವಾಗ ಮೊದಲು ನೀರು, ಆಮೇಲೆ ಅದಕ್ಕೆ ಎಣ್ಣೆಯನ್ನು ಸಣ್ಣಗೆ ಬಿಡುತ್ತ ತಿರುವಬೇಕು. ಎಣ್ಣೆಗೆ ನೀರು ಸುರಿದರೆ ಬೆಣ್ಣೆಯ ಮುದ್ದೆಯಾಗಿ ನಿಲ್ಲುತ್ತದೆ, ಆಮೇಲೆ ಎಷ್ಟು ತಿರುವಿದರೂ ಬಿಡೋದಿಲ್ಲ. ಅಳತೆ ಇಪ್ಪತ್ತಕ್ಕೆ ಒಂದು. ಬಿಸಿಲಿಗೆ, ಕಾವಿಗೆ ಆರಿ ಹೋಗೋದು ನೀರು ಮಾತ್ರ, ಎಣ್ಣೆ ಉಳಿಯುತ್ತದೆ. ಹೀಗಾಗಿ ತೊಟ್ಟಿ ಕಡಿಮೆಯಾದಾಗ ಅದೇ ದಪ್ಪನೆಯದನ್ನು ಹಾಕಬಾರದು, ನಲವತ್ತಕ್ಕೆ ಒಂದರಂತೆ ತೆಳುವಾಗಿ ಕಲಸಿ ತುಂಬಬೇಕು. ಬರೀ ನೀರು ಸುರಿಯೋದೂ ಬೇಡ. ಮೇಲೆ ತೇಲುವ ಎಣ್ಣೆಯನ್ನು ವಾರಕ್ಕೊಮ್ಮೆ ಅರಿವೆಯಿಂದ ಎಳೆದು ತೆಗೆಯಬೇಕು. ಲೇತ್ ನಿಲ್ಲಿಸಿದ ದಿವಸವೂ ಕೂಲಂಟ್ ಪಂಪನ್ನು ಸ್ವಲ್ಪ ಹೊತ್ತು ಬಿಟ್ಟರೆ ಗಾಳಿ ತಾಗುತ್ತದೆ.

ಬಣ್ಣ ಬದಲಾಗಿ ನಾತ ಬಂತು ಅಂದರೆ ಅದಕ್ಕೆ ಹೊಸದನ್ನು ಬೆರೆಸಬೇಡಿ. ಕೆಟ್ಟ ಮೊಸರಿಗೆ ಹೊಸ ಹಾಲು ಸುರಿದ ಹಾಗೆ, ಅದೂ ಕೆಡುತ್ತದೆ. ಪೂರ್ತಿ ಖಾಲಿ ಮಾಡಿ, ತಳದಲ್ಲಿ ಕೂತ ಕಬ್ಬಿಣದ ಕೆಸರನ್ನು ಕೆರೆದು ತೆಗೆದು, ಪೈಪು ಸಮೇತ ತೊಳೆದು ಹೊಸದು ಹಾಕಬೇಕು. ಬಣ್ಣ ತಿರುಗುವ ಪಿ.ಎಚ್. ಕಾಗದ ಸಿಕ್ಕರೆ ನೋಡಿ, ಹೊಸ ಕೂಲಂಟ್ ಸುಮಾರು 9ರ ಹತ್ತಿರ ಇರುತ್ತದೆ. ಅದು ಎಂಟೂವರೆಗಿಂತ ಕೆಳಗೆ ಇಳಿದರೆ ಕೆಡಲು ಶುರುವಾಗಿದೆ ಅಂತ ಲೆಕ್ಕ. ಇನ್ನೊಂದು ಮಾತು ಹೇಳಲು ನಾಚಿಕೆ, ಹೇಳದೆ ವಿಧಿಯಿಲ್ಲ. ಎಲೆ ಅಡಿಕೆ, ಗುಟಕಾ ಹಾಕಿಕೊಂಡು ತೊಟ್ಟಿಗೇ ಉಗುಳುವವರಿದ್ದಾರೆ. ಚಹಾದ ಚರಟ ಚೆಲ್ಲುವವರಿದ್ದಾರೆ. ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಒಳ್ಳೇ ಊಟ ಬೇರೆ ಇಲ್ಲ.

ಖರೀದಿಯ ವಿಷಯ. ಇಂಡಿಯನ್ ಆಯಿಲ್‌ನವರ ಸರ್ವೋಕಟ್, ಹಿಂದೂಸ್ತಾನ್ ಪೆಟ್ರೋಲಿಯಂನವರ ಕೂಲ್‌ಕಟ್ ಹೀಗೆ ಹಲವು ಇವೆ. ಯಾವುದೇ ಕೊಂಡರೂ ಡಬ್ಬಿಯ ಮೇಲೆ ಐ.ಎಸ್. 1115 ಅಂತ ಇದೆಯೇ ನೋಡಿ. ಸಾಲ್ಯುಬಲ್ ಆಯಿಲ್ಲಿಗೆ ಸರ್ಕಾರದ ಗುಣಮಟ್ಟದ ಗುರುತು ಅದು. ನಮ್ಮ ತೊಂದರೆ ಏನೆಂದರೆ ಇದು ದೊಡ್ಡ ಡಬ್ಬಿಗಳಲ್ಲಿ, ಬ್ಯಾರಲ್ಲಿನಲ್ಲಿ ಮಾರುವ ಮಾಲು. ನಮಗೆ ಬೇಕಾದದ್ದು ವರ್ಷಕ್ಕೆ ಒಂದೆರಡು ಲೀಟರ್. ಬಿಡಿಯಾಗಿ ಸೀಸೆಯಲ್ಲಿ ಕೊಡುವವರಿದ್ದಾರೆ, ಅದರಲ್ಲಿ ಏನು ಬೆರೆಸಿರುತ್ತಾರೋ ದೇವರೇ ಬಲ್ಲ. ಅದಕ್ಕಿಂತ ನಾಲ್ಕೈದು ಶೆಡ್ಡಿನವರು ಕೂಡಿ ಒಂದು ಸೀಲು ಒಡೆಯದ ಡಬ್ಬಿ ತಂದು ಹಂಚಿಕೊಂಡರೆ ಪ್ರತಿಯೊಬ್ಬನ ಪಾಲಿಗೆ ಬರುವ ಖರ್ಚು ಒಂದು ಒಳ್ಳೇ ಟ್ಯಾಪ್ ಸೆಟ್ಟಿನಷ್ಟೂ ಆಗೋದಿಲ್ಲ. ಬೀಜ, ಗೊಬ್ಬರವನ್ನು ಕೂಡಿ ತರುತ್ತೇವೆ, ಇದನ್ನು ಯಾಕೆ ತರಬಾರದು? ತಂದದ್ದನ್ನು ನೆರಳಿನಲ್ಲಿ, ಮುಚ್ಚಳ ಬಿಗಿಮಾಡಿ ಇಟ್ಟು, ವರ್ಷ-ಎರಡು ವರ್ಷದೊಳಗೆ ಮುಗಿಸಬೇಕು.

ಹಂಚಿಕೊಂಡ ಎಣ್ಣೆಯನ್ನು ತಂಪು ಪಾನೀಯದ ಬಾಟಲಿಯಲ್ಲಿ ತುಂಬೋದು ನಮ್ಮ ಚಾಳಿ. ಕಲಸಿದ ಕೂಲಂಟ್ ನೋಡಲು ಥೇಟ್ ಹಾಲು. ಮನೆಯಲ್ಲಿ ಸಣ್ಣ ಹುಡುಗರಿದ್ದಾರೆ, ಅಂಗಳದಲ್ಲಿ ಕರು ಬಿಟ್ಟಿರುತ್ತೇವೆ. ಔಷಧದ ಬಾಟಲಿಯನ್ನು ಎಷ್ಟು ಎತ್ತರದಲ್ಲಿ ಇಡುತ್ತೇವೋ ಇದನ್ನೂ ಅಷ್ಟೇ ಎತ್ತರದಲ್ಲಿ ಇಡಬೇಕು, ಮೇಲೆ ದೊಡ್ಡದಾಗಿ ಹೆಸರು ಬರೆದಿರಬೇಕು. ಕರು ತಿರುಗಾಡುವ ಕಡೆ ಕೂಲಂಟಿನ ತಾಟು ತೆರೆದು ಇಡಬಾರದು.

ಕೈ ತೊಳೆಯೋದಕ್ಕೆ ಡೀಸೆಲ್, ಪೆಟ್ರೋಲ್ ಬಳಸಬಾರದು. ಚರ್ಮದಲ್ಲಿ ಇರುವ ಜಿಡ್ಡನ್ನೆಲ್ಲ ಅದು ಕಿತ್ತು ತೆಗೆದು ಬಿರುಕಿಗೆ ದಾರಿ ಮಾಡುತ್ತದೆ. ಕಡಲೆ ಹಿಟ್ಟು, ಸಾಬೂನು, ನೀರು ಸಾಕು. ಕೆಲಸಕ್ಕೆ ಮೊದಲು ಕೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿಕೊಂಡರೆ ಆಮೇಲೆ ಹೊಲಸು ಬೇಗ ಬಿಡುತ್ತದೆ. ತಿರುಗುವ ಲೇತಿನ ಹತ್ತಿರ ಕೈಚೀಲ ಮಾತ್ರ ಹಾಕಬೇಡಿ, ಸುರುಳಿಗೆ ಸಿಕ್ಕರೆ ಬೆರಳೇ ಹೋಗುತ್ತದೆ. ಕೆಲಸದ ಅಂಗಿ ಚೊಣ್ಣವನ್ನು ಬೇರೆ ತೊಳೆಯಬೇಕು, ಮಕ್ಕಳ ಬಟ್ಟೆ ಜೊತೆ ಹಾಕಬಾರದು ಅಂತ ನಮ್ಮ ಮನೆಯವರು ಹೇಳಿದ್ದನ್ನೂ ಇಲ್ಲಿ ಸೇರಿಸುತ್ತೇನೆ, ಅದು ಸರಿಯಾದ ಮಾತು.

ಉಳಿದದ್ದು ಚೆಲ್ಲುವ ಪ್ರಶ್ನೆ. 2016ರ ಅಪಾಯಕಾರಿ ತ್ಯಾಜ್ಯದ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಕಾನೂನು ಇರಲಿ, ನಮ್ಮ ಹೊಲದ ಬದುವಿಗೆ ಕರಿಕೆ ಸಾಯಲಿ ಅಂತ ಸುಟ್ಟ ಆಯಿಲ್ ಸುರಿಯುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಮಳೆಗೆ ಅದು ಹರಿದು ಹೋಗೋದು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ಆ ಕೆರೆಯನ್ನೇ ನೆಚ್ಚಿದ ಊರುಗಳಿವೆ. ಇಳಿಸಿದ ಆಯಿಲ್ಲನ್ನು ಡಬ್ಬಿಯಲ್ಲಿ ಕೂಡಿಟ್ಟು, ಹುಬ್ಬಳ್ಳಿಗೆ ಹೋದಾಗ ಗ್ಯಾರೇಜಿನವರಿಗೆ ಕೊಟ್ಟರೆ ಅವರಲ್ಲಿ ಒಯ್ಯುವವರು ಬರುತ್ತಾರೆ. ಅದನ್ನು ಶುದ್ಧ ಮಾಡಿ ಮತ್ತೆ ಎಣ್ಣೆ ಮಾಡುವ ಘಟಕಗಳಿವೆ. ಕೆಟ್ಟ ಕೂಲಂಟನ್ನು ಅದಕ್ಕೆ ಬೆರೆಸಬಾರದು, ನೀರು ಸೇರಿದ ಆಯಿಲ್ಲನ್ನು ಅವರು ಮುಟ್ಟೋದಿಲ್ಲ. ಕೂಲಂಟನ್ನು ಅಗಲವಾದ ತಗಡಿನ ತಾಟಿನಲ್ಲಿ ಹಾಕಿ, ದನ, ಕೋಳಿ, ನಾಯಿ ಬರದ ಕಡೆ, ಮಳೆ ಬೀಳದ ಕಡೆ ಬ್ಯಾಸಿಗಿ ಬಿಸಿಲಿಗೆ ಇಟ್ಟರೆ ನೀರು ಆರಿ ತಳದಲ್ಲಿ ಜಿಡ್ಡು ಉಳಿಯುತ್ತದೆ. ಆ ಜಿಡ್ಡನ್ನು ಬೇರೆ ಡಬ್ಬಿಗೆ ತುಂಬಿ ಅವರಿಗೇ ತೋರಿಸಿ ಕೊಡಬೇಕು. ನೆಲದ ಮೇಲೆ ಚೆಲ್ಲಿದ್ದಕ್ಕೆ ಕಟ್ಟಿಗೆ ಹೊಟ್ಟು ಹಾಕಿ ಬಳಿದು ತೆಗೆಯಬೇಕು, ನೀರು ಸುರಿದು ತೊಳೆಯಬಾರದು. ಬಾಟಲಿ-ಬ್ರಶ್ಶಿನ ಕೆಲಸದಲ್ಲಿ ಇದ್ಯಾವ ತಾಪತ್ರಯವೂ ಇಲ್ಲ, ವರ್ಷವೆಲ್ಲ ಕೂಡಿಸಿದರೂ ಒರೆಸಿದ ಅರಿವೆಗಳೇ ಒಂದು ಬುಟ್ಟಿ ಆಗೋದಿಲ್ಲ.